ಕಮಾನಿನ ಕೊಕ್ಕೆಗೆ ತೂಗಿದ ಕೀಲಿ

ಮಂಚ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಮೇಲಿನಿಂದ ಇಬ್ಬರು ತಳ್ಳುತ್ತಿದ್ದರು, ಕೆಳಗಿನಿಂದ ಒಬ್ಬ ಎಳೆಯುತ್ತಿದ್ದ. ಓಕ್ ಮರದ ಭಾರಿ ಮಂಚ. ಅದರ ಕಾಲೊಂದು ಗೋಡೆಯ ಗಾರೆ ಕೆರೆದು ಬಿಳಿ ಪುಡಿ ಉದುರಿಸುತ್ತಿತ್ತು. ಗಿಡಿಯನ್ ಟಿಲಿಯರ್ಡ್ ಕೆಳಗಿನ ಮೆಟ್ಟಿಲಿನಲ್ಲಿ ಅಡ್ಡ ನಿಂತು ಎರಡೂ ಕೈಗಳನ್ನು ಚೌಕಟ್ಟಿಗೆ ಕೊಟ್ಟಿದ್ದ. ವಕೀಲನ ಕೈಗಳು, ಭಾರ ಎತ್ತಿ ಗೊತ್ತಿಲ್ಲ. ಆದರೂ ಮಂಚ ಅಲುಗಲಿಲ್ಲ. ಸಿಟ್ಟು ಅಷ್ಟು ಬಲ ಕೊಟ್ಟಿತ್ತು.

"ದಾರಿ ಬಿಡಿ ವಕೀಲ್ರೇ," ಅಂದ ಕ್ರೂಟ್. ಕೆಥೆಡ್ರಲ್ಲಿನ ಮುಖ್ಯ ಪಾದ್ರಿ ಡೀನರ ಮನೆಯ ಕಾರಭಾರಿ. "ನಾವು ಹೇಳಿದ ಕೆಲಸ ಮಾಡೋ ಜನ."

"ಹೆಣ ಇನ್ನೂ ಪಕ್ಕದ ಕೋಣೇಲಿದೆ ಕಣಯ್ಯಾ. ಮಣ್ಣಾಗಿಲ್ಲ. ಆಗ್ಲೇ ಮಂಚ ಹೊರಗೆ ಹಾಕ್ತಿದ್ದೀಯಲ್ಲ!"

"ಹೆಣಕ್ಕೆ ಮಂಚ ಯಾಕೆ ಸ್ವಾಮಿ? ಹಲಗೆ ಮೇಲೆ ಮಲಗಿಸಿದ್ದೀರಲ್ಲ. ಹೊರಳಾಡಿದ್ದೇನೂ ಕಾಣ್ಲಿಲ್ಲ."

ಮೇಲಿದ್ದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಟಿಲಿಯರ್ಡನ ಕಿವಿ ಕೆಂಪಾಯಿತು.

"ಕ್ಯಾನನ್ನರ ಸಭೆ ಇನ್ನೂ ಕೂತಿಲ್ಲ. ತೀರ್ಪು ಆಗಿಲ್ಲ. ತೀರ್ಪಿಗೆ ಮುಂಚೆ ಸಾಮಾನು ಸಾಗಿಸೋಕೆ ಹೇಳಿದ್ದು ಯಾರು?"

"ಡೀನ್ ಸ್ವಾಮಿಗಳು. ಅವರು ಹೇಳಿದ್ಮೇಲೆ ತೀರ್ಪು ಆದ ಹಾಗೇ ಅಲ್ವಾ?" ಕ್ರೂಟ್ ಇದನ್ನು ವ್ಯಂಗ್ಯಕ್ಕೆ ಹೇಳಲಿಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅನ್ನುವ ಹಾಗೆ ಹೇಳಿದ. ಟಿಲಿಯರ್ಡನಿಗೆ ಮೈ ಉರಿದದ್ದು ಅದಕ್ಕೇ.

ನಿನ್ನೆ ಬೆಳಕು ಹರಿಯುವಾಗ ಹಾಲಿನವಳೊಬ್ಬಳು ಕೆಥೆಡ್ರಲ್ಲಿನ ಪೌಳಿಯ ಹೆಬ್ಬಾಗಿಲಾಚೆ, ಹೊಳೆದಂಡೆಯ ಕಲ್ಲುಬೆಂಚಿನ ಮೇಲೆ, ಮುದುಕ ಕ್ಯಾನನ್ ಅವೆರಿಲ್ ಸತ್ತು ಕೂತಿದ್ದನ್ನು ಕಂಡು ಕಿರುಚಿದ್ದಳು. ಎದೆ ನಿಂತಿದೆ, ವಯಸ್ಸಾಗಿತ್ತು ಎಂದು ವೈದ್ಯ ಕೈ ತೊಳೆದುಕೊಂಡ. ಅಷ್ಟಕ್ಕೇ ಮುಗಿಯಬೇಕಾಗಿದ್ದ ಸಾವು. ಆದರೆ ಮಾರ್‌ಚೆಸ್ಟರಿನಲ್ಲಿ ಮನುಷ್ಯ ಹೇಗೆ ಸತ್ತ ಎನ್ನುವುದಕ್ಕಿಂತ ಎಲ್ಲಿ ಸತ್ತ ಎನ್ನುವುದೇ ದೊಡ್ಡದು.

ಕಟ್ಟಳೆ ಹೀಗಿತ್ತು: ಸರದಿಯ ಪ್ರಕಾರ ವಾಸಕ್ಕೆ ಕೂತ ಕ್ಯಾನನ್, ಅಂದರೆ ಸಭೆಯ ಪಾದ್ರಿ, ತನ್ನ ಅವಧಿ ಮುಗಿಯುವ ತನಕ ಪ್ರತಿ ರಾತ್ರಿಯನ್ನೂ ಪೌಳಿಯ ಗೋಡೆಯೊಳಗೇ ಕಳೆಯಬೇಕು. ವಾಸದಲ್ಲಿದ್ದಾಗ ಸತ್ತರೆ ಅವನ ಮನೆಯವರು ಇನ್ನೊಂದು ವರ್ಷ ಅದೇ ಮನೆಯಲ್ಲಿ ಇರಬಹುದು. ಒಂದೇ ಒಂದು ರಾತ್ರಿ ಗೋಡೆಯಾಚೆ ಕಳೆದರೂ ವಾಸ ಮುರಿದಂತೆ. ಹುದ್ದೆ ಅಲ್ಲಿಗೆ ಖಾಲಿ, ಮನೆಯೂ ಖಾಲಿ.

ಆ ಮನೆಗಾಗಿ ಡೀನರ ಅಳಿಯ ಬಾಯಿ ತೆರೆದು ಕಾಯುತ್ತಿದ್ದ.

ಟಿಲಿಯರ್ಡ್ ಮಂಚವನ್ನು ಇನ್ನೊಮ್ಮೆ ಒತ್ತಿ ತಿರುವಿಗೇ ಬಿಗಿದ. "ಅಲ್ಲೇ ಇರ್ಲಿ. ಮೇಲಕ್ಕೂ ಬೇಡ, ಕೆಳಕ್ಕೂ ಬೇಡ. ನಿಮ್ಮ ಸ್ವಾಮಿಗಳಿಗೆ ಹೇಳು, ಮಂಚಾನೂ ವಾಸಕ್ಕೆ ಕೂತಿದೆ ಅಂತ."

ಈ ಸಲ ಕ್ರೂಟ್ ಕೂಡ ನಕ್ಕುಬಿಟ್ಟ.

*

ಬೀದಿ ಬದಿಯ ಕೋಣೆಯಲ್ಲಿ, ಎರಡು ಕುರ್ಚಿಗಳಿಗೆ ಅಡ್ಡ ಇಟ್ಟ ಹಲಗೆಯ ಮೇಲೆ ಕ್ಯಾನನ್ ಎವೆರಾರ್ಡ್ ಅವೆರಿಲ್ ಮಲಗಿದ್ದರು. ಬದುಕಿದ್ದಾಗಲೇ ಸಣಕಲು ಮನುಷ್ಯ. ಈಗ ಹೊದಿಕೆಯ ಕೆಳಗೆ ಯಾರೋ ಒಂದು ಊರುಗೋಲು ಮರೆತು ಹೋದಂತೆ ಕಾಣುತ್ತಿದ್ದರು. ಅವರ ಅಕ್ಕ ಡಾರ್ಕಸ್ ನೆಲದ ಮೇಲೆ ಕೂತು ಪಿಂಗಾಣಿ ಬಟ್ಟಲುಗಳನ್ನು ಒಣಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ಇಡುತ್ತಿದ್ದಳು. ಮದುವೆಯಾಗದೆ ತಮ್ಮನ ಮನೆ ನಡೆಸುತ್ತಲೇ ಮುದುಕಿಯಾದ ಹೆಂಗಸು. ಆ ಮನೆ ಬಿಟ್ಟರೆ ಅವಳಿಗೆ ಬೇರೆ ಜಗತ್ತೇ ಇರಲಿಲ್ಲ.

"ಯಾಕಮ್ಮಾ ಕಟ್ತಾ ಇದ್ದೀರಿ? ಬಿಚ್ಚಿ ಇಡಿ."

"ಅವರು ಎಸೆಯೋ ಮುಂಚೆ ನಾನೇ ಕಟ್ಟಿಕೊಂಡ್ರೆ ಒಂದೆರಡು ಬಟ್ಟಲಾದ್ರೂ ಉಳಿಯುತ್ತೆ."

"ಎಸೆಯೋಕೆ ನಾನು ಬಿಟ್ರೆ ತಾನೇ?"

"ಹೋದ್ರೆ ಹೋಗ್ಲಿ ಬಿಡು ಗಿಡಿಯನ್." ಅವಳು ಬಟ್ಟಲಿನಿಂದ ತಲೆ ಎತ್ತಲಿಲ್ಲ. "ಬಾತ್ ಊರಲ್ಲಿ ಸೋದರಸೊಸೆ ಇದ್ದಾಳೆ. ಅಟ್ಟದ ಮೇಲೆ ಒಂದು ಕೋಣೆ ಕೊಡ್ತಾಳೆ."

"ಆ ಅಟ್ಟದಲ್ಲಿ ಚಳಿಗಾಲ ಕಳೆದ್ರೆ ನೀವು ವಸಂತ ನೋಡಲ್ಲ. ನೀವೇ ನನ್ನ ಹತ್ರ ಹೇಳಿದ್ರಿ."

"ನೋಡದೇ ಇದ್ರೆ ಏನಾಯ್ತು? ಎಷ್ಟೋ ವಸಂತ ನೋಡಿದ್ದೀನಿ. ಎಲ್ಲ ಒಂದೇ ಥರ."

ಟಿಲಿಯರ್ಡ್ ಕಿಟಕಿಯತ್ತ ತಿರುಗಿದ. ಡೀನರ ಮೇಲಿನ ಸಿಟ್ಟು ಒಂದು ತೂಕವಾದರೆ ಈ ಶರಣಾಗತಿಯ ಮೇಲಿನ ಸಿಟ್ಟು ಇನ್ನೊಂದು ತೂಕ. ಮುದುಕನ ವಕೀಲನಾಗಿದ್ದ ಅವನು ನಿನ್ನೆ ಬೆಳಿಗ್ಗೆ ಸುದ್ದಿ ಕೇಳಿ ಓಡಿಬಂದ ಮೇಲೆ ಈ ಕೋಣೆ ಬಿಟ್ಟು ಕದಲಿರಲಿಲ್ಲ. ರಾತ್ರಿಯಿಡೀ ಇಬ್ಬರೂ ಎದುರುಬದುರು ಕೂತು ಹೆಣ ಕಾದಿದ್ದರು. ಅಷ್ಟು ಹೊತ್ತಿನಲ್ಲಿ ಡಾರ್ಕಸ್ ಒಮ್ಮೆಯೂ ಅತ್ತಿರಲಿಲ್ಲ. ಒಮ್ಮೆಯೂ ಡೀನರನ್ನು ಬೈದಿರಲಿಲ್ಲ. ಆಗಾಗ ಟಿಲಿಯರ್ಡನ ಮುಖವನ್ನೇ ನೋಡುತ್ತಿದ್ದಳು, ಏನೋ ಕೇಳಬೇಕೆಂದು ಬಾಯಿ ತೆರೆದು, ಮತ್ತೆ ಮುಚ್ಚಿಕೊಳ್ಳುತ್ತಿದ್ದಳು. ದುಃಖ ಗಟ್ಟಿಯಾಗಿದೆ ಎಂದುಕೊಂಡಿದ್ದ ಅವನು.

ಒಲೆಯ ಪಕ್ಕದಲ್ಲಿ ಮುದುಕನ ಬೂಟುಗಳಿದ್ದವು. ನಿನ್ನೆ ಬೆಂಚಿನಿಂದ ತಂದಾಗ ಕಾಲಿನಿಂದ ಬಿಚ್ಚಿ ಇಟ್ಟಿದ್ದು, ಆಮೇಲೆ ಯಾರೂ ಮುಟ್ಟಿರಲಿಲ್ಲ. ಕ್ರೂಟನ ಆಳುಗಳು ಇದನ್ನೂ ಎತ್ತಿಕೊಂಡು ಹೋದಾರು ಎಂದು ಟಿಲಿಯರ್ಡ್ ಅವನ್ನು ಕೈಗೆತ್ತಿಕೊಂಡ. ಸುಮ್ಮನೆ, ಅಭ್ಯಾಸಬಲದಿಂದ, ತಿರುಗಿಸಿ ನೋಡಿದ.

ನೋಡಿ ಹಾಗೇ ನಿಂತ.

ಅಟ್ಟೆ ಒಣಗಿತ್ತು. ಒಣಗಿದ್ದು ಮಾತ್ರವಲ್ಲ, ಚೊಕ್ಕವಾಗಿತ್ತು. ಒಂದು ವಾರದಿಂದ ಬಿಡದ ಮಳೆ. ಹೆಬ್ಬಾಗಿಲಿನಿಂದ ಹೊಳೆಯ ಬೆಂಚಿಗೆ ಹೋಗುವ ಕಾಲುದಾರಿ ಈಗ ಕಲಸಿದ ಹಿಟ್ಟಿನಂತಿರಬೇಕು.

ಎಡಗಾಲಿನ ಅಟ್ಟೆಯ ನಡುವೆ ಇನ್ನೊಂದು ಗುರುತಿತ್ತು. ಕಡಲೆಕಾಳಿನಷ್ಟು ದೊಡ್ಡ ಮೇಣದ ಹನಿ, ಹಳದಿ. ಉಗುರಿನಿಂದ ಮುಟ್ಟಿದ. ಮೂಗಿಗೆ ಹಿಡಿದ. ಜೇನಿನ ವಾಸನೆ. ಈ ಮನೆಯಲ್ಲಿ ಉರಿಯುವುದೆಲ್ಲ ಕುರಿಕೊಬ್ಬಿನ ಬತ್ತಿ, ಗೋಡೆಗಳೆಲ್ಲ ಅದರದೇ ಕಮಟು. ಜೇನುಮೇಣ ಉರಿಯುವ ಜಾಗ ಇಡೀ ಪೌಳಿಯಲ್ಲಿ ಒಂದೇ: ಕೆಥೆಡ್ರಲ್ಲಿನೊಳಗೆ ಪಾದ್ರಿಗಳು ಎದುರುಬದುರು ಕೂರುವ ಪೀಠಸಾಲು.

ಮೇಣ ಮೆಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ, ಅವೆರಿಲ್ ದಿನವೂ ಅಲ್ಲಿಗೆ ಹೋಗುತ್ತಿದ್ದವರೇ. ಆಶ್ಚರ್ಯ ಬೇರೆ ಇತ್ತು. ಹನಿ ಗುಂಡಗೆ, ಇದ್ದ ಹಾಗೇ ಇತ್ತು. ಕೆಥೆಡ್ರಲ್ಲಿನ ಬಾಗಿಲಿಂದ ಯಾವ ಕಡೆ ಹೊರಟರೂ ಜಲ್ಲಿಕಲ್ಲಿನ ದಾರಿ. ಹತ್ತು ಹೆಜ್ಜೆ ಇಟ್ಟಿದ್ದರೆ ಮೇಣ ಅಪ್ಪಚ್ಚಿಯಾಗಬೇಕಿತ್ತು.

ಅಂದರೆ ಆ ಹನಿ ಮೆಟ್ಟಿದ ಮೇಲೆ ಈ ಕಾಲು ನೆಲ ತುಳಿದೇ ಇಲ್ಲ.

"ಅದನ್ನ ಅಲ್ಲಿಡು," ಅಂದಳು ಡಾರ್ಕಸ್.

ದನಿ ಗಟ್ಟಿಯಾಗಿತ್ತು. ಟಿಲಿಯರ್ಡ್ ತಿರುಗಿದ.

"ಅಮ್ಮಾ, ನಿಮ್ಮ ತಮ್ಮ ತಾವಾಗಿ ಹೊರಗೆ ನಡೆದು ಹೋಗ್ಲಿಲ್ಲ. ಒಳಗೇ ಸತ್ತಿದ್ದಾರೆ. ಯಾರೋ ಹೊತ್ತುಕೊಂಡು ಹೋಗಿ ಆಚೆ ಕೂರಿಸಿದ್ದಾರೆ! ಹೆಣಾನ! ನಿಮ್ಮ ಮನೆ ಕಿತ್ಕೊಳ್ಳೋಕೆ ಸತ್ತ ಮನುಷ್ಯನ ವಾಸ ಮುರಿದಿದ್ದಾರೆ!"

"ಬೂಟು ಇಡು ಅಂದೆ. ಸತ್ತವರದು."

"ಇಡಲ್ಲ. ಇದು ಸಭೆಗೆ ಬರುತ್ತೆ ನನ್ನ ಜೊತೆ."

ಕೆಥೆಡ್ರಲ್ಲಿನ ಗಂಟೆ ಹೊಡೆಯಿತು. ಸಂತ ಲೂಕನ ಹಬ್ಬ. ಬೆಳಗಿನ ಪ್ರಾರ್ಥನೆ, ಪ್ರವಚನ, ಅದಾದ ಮೇಲೆ ಸಭೆ. ಹಬ್ಬದ ದಿನವೇ ಮುದುಕಿಯನ್ನು ಬೀದಿಗೆ ನೂಕಲು ಅವರ ಆತ್ಮಸಾಕ್ಷಿ ಅಡ್ಡ ಬಂದಿರಲಿಲ್ಲ. ಡಾರ್ಕಸ್ ಗೋಡೆ ಹಿಡಿದು ಎದ್ದು ಕರಿ ಶಾಲು ಹೊದ್ದುಕೊಂಡಳು.

"ನಾನು ಪ್ರಾರ್ಥನೆಗೆ ಹೋಗ್ತೀನಿ. ನೀನು?"

"ನನಗೆ ಪ್ರಾರ್ಥನೆ ಮಾಡೋ ಮನಸ್ಸಿಲ್ಲ. ಕೆಸರು ನೋಡಬೇಕು."

ಅವಳು ಬಾಗಿಲಲ್ಲಿ ನಿಂತು ಮತ್ತೆ ಅವನ ಮುಖ ನೋಡಿದಳು, ನಿನ್ನೆಯ ಹಾಗೇ. ಆಮೇಲೆ ಹೊರಟುಹೋದಳು.

ಕೆಸರು ಅವನ ನಿರೀಕ್ಷೆಗಿಂತ ಚೆನ್ನಾಗಿಯೇ ಸಾಕ್ಷಿ ಹೇಳಿತು. ಬೆಂಚಿನವರೆಗೆ ಹೋಗಿ ಬರುವಷ್ಟರಲ್ಲಿ ಅವನ ಬಲಗಾಲಿನ ಬೂಟನ್ನು ಎರಡು ಸಲ ನುಂಗಿತು.

*

ಸಭಾಮಂದಿರ ಎಂಟು ಮೂಲೆಯ ಕಲ್ಲಿನ ಕೋಣೆ. ಒಲೆ ಇಲ್ಲ. ಹಾಗಾಗಿ ಅಲ್ಲಿ ಕೂತವರೆಲ್ಲ ಯಾವ ವಿಷಯವನ್ನಾದರೂ ಬೇಗ ಮುಗಿಸುವ ಅವಸರದಲ್ಲಿರುತ್ತಿದ್ದರು. ಉದ್ದ ಮೇಜಿನ ತಲೆಯಲ್ಲಿ ಡೀನ್ ಪಿಮ್. ಕೆಂಪು ಮುಖ, ತಲೆಗೆ ಬಿಳಿ ಟೋಪನ್ನು, ಮೃದುವಾದ ಕೈಗಳು. ಎರಡೂ ಬದಿಗೆ ಕ್ಯಾನನ್ನರು. ಕೊನೆಯ ಕುರ್ಚಿಯಲ್ಲಿ ಅಳಿಯ ಫೀಲಿಕ್ಸ್ ಹಾರ್ಬಿನ್, ಬೇಸಿಗೆಯಲ್ಲಷ್ಟೇ ಬಂದು ಪ್ರಮಾಣ ಮಾಡಿ ಸೇರಿದವನು, ಹೊಸ ನಿಲುವಂಗಿ ಇನ್ನೂ ಗರಿಗರಿ.

ಟಿಲಿಯರ್ಡ್ ಕೆಸರುಗಾಲಲ್ಲೇ ಒಳಗೆ ಬಂದು ಮುದುಕನ ಬೂಟುಗಳನ್ನು ಮೇಜಿನ ಮೇಲಿಟ್ಟ, ಅಟ್ಟೆ ಮೇಲಾಗಿ. ಪಕ್ಕದಲ್ಲಿ ತನ್ನ ಒಂದು ಬೂಟು ಬಿಚ್ಚಿ ಇಟ್ಟ. ಕೆಸರು ಮೇಜಿನ ಬಟ್ಟೆಯ ಮೇಲೆ ಮೆಲ್ಲಗೆ ಹರಡಿತು.

"ಏನಿದು ಅಸಹ್ಯ!" ಡೀನ್ ಹಿಂದಕ್ಕೆ ಸರಿದರು.

"ಎರಡೂ ಒಂದೇ ದಾರಿಯಲ್ಲಿ ಹೋದ ಬೂಟುಗಳು ಅಂತ ನೀವು ಹೇಳ್ತಿದ್ದೀರಿ ಸ್ವಾಮಿ. ನೋಡಿ ಹೇಳಿ."

ಸಾಲಿನಲ್ಲಿ ಕತ್ತುಗಳು ಚಾಚಿದವು. ಟಿಲಿಯರ್ಡ್ ಕೆಸರಿನ ಮಾತು ಹೇಳಿದ, ಮೇಣದ ಮಾತು ಹೇಳಿದ. ಒಬ್ಬ ಮುಪ್ಪಿನ ಕ್ಯಾನನ್ ಕನ್ನಡಕ ಏರಿಸಿ ಹನಿಯನ್ನು ಬೆರಳಿನಿಂದ ಮುಟ್ಟಿ, "ಪೀಠಸಾಲಿನದೇ," ಎಂದು ಗೊಣಗಿದರು.

ಡೀನ್ ಪಿಮ್ ತಾಳ್ಮೆಯಿಂದ ನಕ್ಕರು. ಮಕ್ಕಳು ಹಟ ಮಾಡುವಾಗ ನಗುವಂಥ ನಗು.

"ವಕೀಲ್ರೇ, ನೀವು ಬೂಟು ತಂದ್ರಿ. ನಾನೂ ಒಂದು ವಸ್ತು ತಂದಿದ್ದೀನಿ." ಅವರು ಜೇಬಿನಿಂದ ಒಂದು ಕಬ್ಬಿಣದ ಕೀಲಿ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿದರು. "ಸಭೆಯ ಮುದ್ರೆ ಇಡೋ ಪೆಟ್ಟಿಗೆಯ ಕೀಲಿ. ವಾಸದಲ್ಲಿರೋ ಕ್ಯಾನನ್ ಹತ್ರ ಇರತಕ್ಕದ್ದು. ಕಟ್ಟಳೆ ಏನು ಹೇಳುತ್ತೆ? ಕೀಲಿ ಗೋಡೆ ದಾಟಬಾರದು. ಕ್ಯಾನನ್ ಹೊರಗೆ ಹೋಗೋದಾದ್ರೆ ಹೆಬ್ಬಾಗಿಲ ಕಮಾನಿನ ಕೊಕ್ಕೆಗೆ ತೂಗಿ ಹೋಗಬೇಕು. ಮೊನ್ನೆ ರಾತ್ರಿ ಬಾಗಿಲ ಕಾವಲಿನವನು ಊಟ ಮುಗಿಸಿ ಬಂದು ನೋಡಿದ್ರೆ ಕೀಲಿ ಕೊಕ್ಕೆಯಲ್ಲಿತ್ತು. ಅವೆರಿಲ್ ತಾನೇ ತೂಗಿ, ತಾನೇ ಹೊರಗೆ ಹೋಗಿದ್ದಾನೆ. ಇನ್ನೇನು ಬೇಕು?"

ಟಿಲಿಯರ್ಡ್ ಕೀಲಿಯನ್ನೇ ನೋಡುತ್ತಿದ್ದ. ಅವನಿಗೆ ಮೊದಲು ಬಂದದ್ದು ನಗು. ಆಮೇಲೆ ಸಿಟ್ಟು.

"ಸ್ವಾಮಿ, ಇದನ್ನ ನೀವೇ ಹೇಳ್ತಿದ್ದೀರಾ? ನೀವು?"

"ಯಾಕೆ?"

"ಆ ಕೊಕ್ಕೆಗೆ ನಾನು ಕೀಲಿ ತೂಗಲ್ಲ ಅಂತ ಅವೆರಿಲ್ ಬಿಷಪ್ಪರ ಕೋರ್ಟಿಗೆ ಹೋದ್ರು. ವರ್ಷಗಟ್ಟಲೆ ನಡೀತಾ ಇದೆ ಆ ಮೊಕದ್ದಮೆ. ಅವರ ವಕೀಲ ನಾನು. ಎದುರು ಪಕ್ಷ ನೀವು! ಕೊಕ್ಕೆ ಇರೋದು ಡೀನನ ಆಳಿನ ಕೋಣೆ ಮುಂದೆ, ಅಲ್ಲಿ ತೂಗೋದೂ ಒಂದೇ, ಮುದ್ರೆನ ಡೀನನ ಜೇಬಿಗೆ ಹಾಕೋದೂ ಒಂದೇ ಅಂತ ಅವರ ವಾದ. ಹೊರಗೆ ಬೇಕರಿಗೆ ಹೋದ್ರೂ ಕೀಲಿನ ಅಕ್ಕನ ಕೈಗೆ ಕೊಟ್ಟು ಹೋಗೋರು."

"ಗೊತ್ತು," ಅಂದರು ಡೀನ್. ಅವರ ಮುಖದಲ್ಲಿ ಒಂದು ಹೊಳಪು ಬಂದಿತ್ತು. "ಅದಕ್ಕೇ ನನಗೆ ಸಂತೋಷ ಆಗಿದ್ದು. ಕೊನೆಗಾಲದಲ್ಲಾದ್ರೂ ಬುದ್ಧಿ ಬಂತು. ನನ್ನ ಮಾತೇ ಸರಿ ಅಂತ ಒಪ್ಪಿಕೊಂಡು ಸತ್ತ."

ಟಿಲಿಯರ್ಡ್ ಆ ಮುಖವನ್ನು ದಿಟ್ಟಿಸಿದ. ಅಲ್ಲಿ ಕಪಟವಿರಲಿಲ್ಲ. ಆ ಮನುಷ್ಯ ಅದನ್ನು ನಿಜವಾಗಿಯೂ ನಂಬಿದ್ದ! ವೈರಿಯ ಹೆಣದ ಮೇಲೆ ನಿಂತು, ಮೊಕದ್ದಮೆ ಗೆದ್ದೆ ಎಂದು ಹಿಗ್ಗಿದ್ದ. ಇಷ್ಟು ಹೊತ್ತು ಇವನೇ ಹೆಣ ಸಾಗಿಸಿದವನು ಎಂದು ಹಲ್ಲು ಕಡಿಯುತ್ತಿದ್ದ ಟಿಲಿಯರ್ಡನಿಗೆ ಒಮ್ಮೆಲೇ ಹೊಳೆಯಿತು. ಇವನಲ್ಲ. ಇವನು ಬರೀ ಮೂರ್ಖ.

"ಕ್ಯಾನನ್ ಸ್ವಾಮಿಗಳೇ," ಅವನು ಸಾಲಿನತ್ತ ತಿರುಗಿದ. "ಈ ಕೀಲಿ ಜಗಳ ನಿಮಗೆಲ್ಲ ಗೊತ್ತಲ್ವಾ?"

"ಗೊತ್ತಿಲ್ಲದೇ ಏನು?" ಮುಪ್ಪಿನ ಕ್ಯಾನನ್ ಕೆಮ್ಮಿದರು. "ಊಟಕ್ಕೆ ಕೂತಾಗೆಲ್ಲ ಅದೇ ಪುರಾಣ. ಕೇಳಿ ಕೇಳಿ ನನಗೆ ಹಸಿವೇ ಸತ್ತುಹೋಗಿತ್ತು."

"ಹಾಗಾದ್ರೆ ಯೋಚನೆ ಮಾಡಿ. ಅವೆರಿಲ್ ತಾವಾಗಿ ಹೊರಗೆ ಹೋದ್ರು ಅಂತ ತೋರಿಸಬೇಕು ಅನ್ನೋನು, ಈ ಜಗಳ ಗೊತ್ತಿದ್ರೆ, ಕೀಲಿನ ಹೆಣದ ಜೇಬಲ್ಲೇ ಬಿಡ್ತಿದ್ದ. ಇಲ್ಲಾ ಮನೇಲಿ ಅಕ್ಕನಿಗೆ ಸಿಗೋ ಹಾಗೆ ಇಡ್ತಿದ್ದ. ಇಡೀ ಪೌಳಿಯಲ್ಲಿ ಅವರು ಸತ್ರೂ ಮುಟ್ಟದ ಜಾಗ ಅಂದ್ರೆ ಆ ಕೊಕ್ಕೆ. ಅಲ್ಲಿ ತೂಗಿದೋನಿಗೆ ಕಟ್ಟಳೆ ಬಾಯಿಪಾಠ ಇದೆ. ಜಗಳ ಗೊತ್ತಿಲ್ಲ."

ಒಬ್ಬೊಬ್ಬರ ಕಣ್ಣೂ ಮೇಜಿನ ಕೊನೆಗೆ ಜಾರಿತು.

ಹಾರ್ಬಿನ್ ಕೂತ ಕುರ್ಚಿ ಕಿರುಗುಟ್ಟಿತು.

"ಬೇಸಿಗೆಯಲ್ಲಿ ಪ್ರಮಾಣ ಮಾಡಿದ್ರಿ ಹಾರ್ಬಿನ್ ಅವರೇ," ಅಂದ ಟಿಲಿಯರ್ಡ್. ಒಂಟಿ ಬೂಟಿನಲ್ಲಿ ಕುಂಟುತ್ತ ಅವನ ಕಡೆ ನಡೆದ. "ಪಾಪ, ಕಟ್ಟಳೆ ಎಲ್ಲ ಉರು ಹೊಡೆದಿರಿ. ಮೊಕದ್ದಮೆ ಸೋಲ್ತಾ ಇದೆ ಅಂತ ನಿಮ್ಮ ಮಾವ ಮನೇಲಿ ಅದರ ಹೆಸರೇ ಎತ್ತಿರಲಿಕ್ಕಿಲ್ಲ."

"ಸೋಲ್ತಾ ಇರ್ಲಿಲ್ಲ!" ಡೀನ್ ಗುಡುಗಿದರು.

"ಹೆಣ ಗೋಡೆ ದಾಟಿಸೋಕೆ ನಿಮಗೆ ಕೈ ನಡುಗಲಿಲ್ಲ ಹಾರ್ಬಿನ್. ಸತ್ತ ಮನುಷ್ಯನ ವಾಸ ಮುರಿಯೋಕೆ ನಾಚಿಕೆ ಆಗಲಿಲ್ಲ. ಅವನಕ್ಕನ್ನ ಚಳಿಗೆ ನೂಕೋಕೆ ಎದೆ ಅಳುಕಲಿಲ್ಲ. ಆದ್ರೆ ಕೀಲಿ? ಕೀಲಿ ದಾಟಿಸಬಾರದು, ಪ್ರಮಾಣ ಮಾಡಿದ್ದೀನಲ್ಲ! ಅದಕ್ಕೆ ವಾಪಸ್ ಬಂದು, ಒಳ್ಳೇ ಪಾದ್ರಿ ಹಾಗೆ, ಕೊಕ್ಕೆಗೆ ತೂಗಿ ಹೋದ್ರಿ. ಥೂ! ಧರ್ಮ ಅಂದ್ರೆ ಇಷ್ಟೇನಾ ನಿಮಗೆ? ಕೊಕ್ಕೆನಾ?"

ಕೊನೆಯ ಮಾತು ಎಂಟು ಮೂಲೆಗೂ ಬಡಿದು ಮರಳಿ ಬಂತು.

ಹಾರ್ಬಿನ್ ಎದ್ದು ನಿಂತ. ವಾದ ಮಾಡುತ್ತಾನೆಂದು ಟಿಲಿಯರ್ಡ್ ಕಾದ. ಆದರೆ ಆ ಹುಡುಗುಮುಖ ಕುಸಿಯಿತು.

"ಪ್ರಮಾಣ ಅಂದ್ರೆ ಪ್ರಮಾಣ ಅಲ್ವಾ ಸ್ವಾಮಿ," ಅಂದ. ನಿಜವಾಗಿಯೂ ಉತ್ತರ ಬೇಕಿತ್ತು ಅವನಿಗೆ. "ಅವರ ಜೇಬಲ್ಲಿತ್ತು ಕೀಲಿ. ಕೂರಿಸಿದ ಮೇಲೆ ನೋಡ್ದೆ. ಅಲ್ಲೇ ಬಿಟ್ಟು ಬರೋಕೆ ಮನಸ್ಸು ಬರಲಿಲ್ಲ."

"ಫೀಲಿಕ್ಸ್!" ಡೀನರ ದನಿ ಸೀಳಿತು. "ಬಾಯಿ ಮುಚ್ಚು!"

"ಇಲ್ಲ ಮಾವ. ಎರಡು ದಿನದಿಂದ ಅನ್ನ ಇಳೀತಿಲ್ಲ. ಹೌದು, ನಾನು ಸಾಗಿಸಿದೆ. ಸಮಾಧಿ ಅಗೆಯೋರ ಕೈಗಾಡಿಯಲ್ಲಿ. ಹೊಳೆ ಕಡೆ ಚಿಕ್ಕ ಬಾಗಿಲಿಂದ. ತುಂಬ ಹಗುರ ಇದ್ರು."

ಟಿಲಿಯರ್ಡ್ ಗೆದ್ದಿದ್ದ. ಒಳಗೆ ಸತ್ತಿದ್ದಾರೆ ಎಂದು ಇಡೀ ಸಭೆಯೆದುರು ಸಾಬೀತಾಗಿತ್ತು. ಮನೆ ಉಳಿಯಿತು. ಆದರೂ ಮುಗಿಸಲು ಬಿಡಲಿಲ್ಲ ಸಿಟ್ಟು.

"ಎಲ್ಲಿ ಸತ್ತಿದ್ರು? ಅವರ ಪೀಠದಲ್ಲಾ?"

"ಪೀಠಸಾಲಲ್ಲಿ ಹೌದು. ಅವರ ಪೀಠದಲ್ಲಲ್ಲ." ಹಾರ್ಬಿನ್ ಮಾವನ ಕಡೆ ಹೆದರಿ ನೋಡಿದ. "ಡೀನರ ಪೀಠದಲ್ಲಿ."

"ನನ್ನ ಪೀಠದಲ್ಲಾ!" ಡೀನ್ ಪಿಮ್ ಎದ್ದೇಬಿಟ್ಟರು. ಸತ್ತದ್ದಕ್ಕಲ್ಲ, ಸಾಗಿಸಿದ್ದಕ್ಕಲ್ಲ, ಈಗ ಅವರಿಗೆ ನಿಜವಾದ ಕೋಪ ಬಂದಿತ್ತು. "ನನ್ನ ಪೀಠದಲ್ಲಿ ಕೂತನಾ ಅವನು? ಯಾವ ಅಧಿಕಾರದ ಮೇಲೆ?"

"ಸತ್ತವರಿಗೆ ನೋಟೀಸು ಕಳಿಸಿ ಸ್ವಾಮಿ," ಅಂದ ಟಿಲಿಯರ್ಡ್. ಮತ್ತೆ ಹಾರ್ಬಿನ್ನನಿಗೆ: "ಮನೆ ಬೇಗ ಸಿಗಲಿ ಅಂತ ಮಾಡಿದ್ರಿ. ಅಲ್ವಾ?"

"ಮನೆ ಸಿಗುತ್ತೆ ಅಂತ ಅವರು ಹೇಳಿದ್ರು. ಹೊರಗೆ ಕೂರಿಸಿದ್ರೆ ಮನೆ ನಾಳೆಯಿಂದಲೇ ನಿನ್ನದು ಅಂದ್ರು. ನನ್ನ ಹೆಂಡತಿ ಬಸುರಿ, ಮಾವನ ಮನೇಲಿ ನಮಗೆ ಒಂದೇ ಕೋಣೆ..."

"ಯಾರು ಹೇಳಿದ್ರು?"

"ಅವರೇ. ಹೆಣದ ಪಕ್ಕ ದೀಪ ಹಿಡ್ಕೊಂಡು ನಿಂತಿದ್ರು. ನಾನು ಅಂಗಳದಲ್ಲಿ ಹೋಗ್ತಿದ್ದಾಗ ಕೂಗಿ ಕರೆದ್ರು. ಗಾಡಿ ತಳ್ಳೋವಾಗ ಕಾಲು ಹಿಡ್ಕೊಂಡಿದ್ದೂ ಅವರೇ."

"ಯಾರಯ್ಯಾ? ಹೆಸರು ಹೇಳು!"

"ಅವರ ಅಕ್ಕ."

ಟಿಲಿಯರ್ಡ್ ಕೈ ಎತ್ತಿದ್ದ. ಹೊಡೆಯಲೋ, ಅಂಗಿ ಹಿಡಿಯಲೋ ಅವನಿಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಬಾಗಿಲ ಕಡೆಯಿಂದ ಓಡಿಬಂದವರ ಏದುಸಿರು ಕೇಳಿಸಿತು.

"ಅವನನ್ನ ಬಿಡು ಗಿಡಿಯನ್. ನಿಜ ಹೇಳ್ತಿದ್ದಾನೆ."

ಡಾರ್ಕಸ್ ಅವೆರಿಲ್ ಹೊಸ್ತಿಲಲ್ಲಿ ನಿಂತಿದ್ದಳು. ಹೆಂಗಸರು ದಾಟದ ಹೊಸ್ತಿಲು. ಅವಳು ದಾಟಿ ಒಳಗೆ ಬಂದಳು. ತಡೆಯಲು ಯಾರಿಗೂ ತೋಚಲಿಲ್ಲ. ಶಾಲು ಒಂದು ಹೆಗಲಿಂದ ಜಾರಿ ನೆಲಕ್ಕೆ ಎಳೆಯುತ್ತಿತ್ತು.

"ಯಾಕಮ್ಮಾ?" ಟಿಲಿಯರ್ಡನ ದನಿ ಅವನಿಗೇ ಅಪರಿಚಿತವಾಗಿ ಕೇಳಿತು. "ನಿಮ್ಮದೇ ಮನೆ. ನಿಮ್ಮದೇ ತಮ್ಮ. ಯಾಕೆ?"

"ನಿನಗೋಸ್ಕರ."

ಅವನಿಗೆ ಅರ್ಥವಾಗಲಿಲ್ಲ.

"ಎಲ್ಲರೂ ಹೋದ ಮೇಲೆ ಡೀನರ ಪೀಠದಲ್ಲಿ ಹೋಗಿ ಕೂರೋದು ನನ್ನ ತಮ್ಮನಿಗೆ ಒಂದು ಚಟ. ಪೀಠದ ಕೆಳಗೆ ಡೀನರು ಒಂದು ಸೀಸೆ ಇಟ್ಟಿರ್ತಾರಲ್ಲ, ಪುದೀನದ ಕಷಾಯ, ಗಂಟಲಿಗೆ ಅಂತ. ಅದರಲ್ಲಿ ಒಂದು ಗುಟುಕು ಕದ್ದು ಕುಡಿದು ಬರೋನು. ಮನೆಗೆ ಬಂದು ಹೇಳ್ಕೊಂಡು ನಗೋನು. ಮೊನ್ನೆ ಊಟಕ್ಕೆ ಬರಲಿಲ್ಲ. ಹೋಗಿ ನೋಡ್ದೆ. ಪೀಠದಲ್ಲೇ ಹೋಗಿಬಿಟ್ಟಿದ್ದ. ಸೀಸೆ ಕಾಲ ಹತ್ರ ಉರುಳಿತ್ತು. ಚೆಲ್ಲಿದ್ದನ್ನ ಕೆಥೆಡ್ರಲ್ಲಿನ ಬೆಕ್ಕು ನೆಕ್ಕಿತ್ತು. ಅದೂ ಅಲ್ಲೇ ಸತ್ತು ಬಿದ್ದಿತ್ತು."

ಕಲ್ಲಿನ ಕೋಣೆ ಇನ್ನಷ್ಟು ತಣ್ಣಗಾಯಿತು.

"ವಿಷ," ಅಂದರು ಮುಪ್ಪಿನ ಕ್ಯಾನನ್.

"ನನ್ನ ತಮ್ಮನಿಗಲ್ಲ. ಈ ಮನುಷ್ಯನಿಗೆ ಅಂತ ಇಟ್ಟಿದ್ದು." ಅವಳು ಡೀನರತ್ತ ಗಲ್ಲ ತೋರಿದಳು. "ಒಳಗೆ ಸತ್ತ ಅಂದ್ರೆ ಹೇಗೆ ಸತ್ತ ಅಂತ ಕೇಳ್ತಾರೆ. ಹೇಗೆ ಅಂತ ಗೊತ್ತಾದ್ರೆ ಯಾರು ಅಂತ ಕೇಳ್ತಾರೆ. ನನಗೆ ಒಂದೇ ಹೆಸರು ಹೊಳೀತು ಗಿಡಿಯನ್. ಹಿಂದಿನ ದಿನ ನಮ್ಮ ಮೇಜಿನಲ್ಲಿ ಕೂತು ಬಿಯರ್ ಲೋಟ ಕುಟ್ಟಿ ಏನಂದೆ ನೀನು? ಈ ಡೀನ್ ಉಸಿರಾಡೋವರೆಗೆ ಈ ಪೌಳಿಗೆ ನ್ಯಾಯ ಇಲ್ಲ, ಇವನನ್ನ ಮುಗಿಸೋಕೆ ಕೋರ್ಟು ಸಾಕಾಗಲ್ಲ ಅಂದೆ. ನಿನ್ನ ಕಣ್ಣು ನೋಡಿ ನನಗೆ ಭಯ ಆಗಿತ್ತು."

ಅಂದಿದ್ದು ಹೌದು. ಕ್ಯಾನನ್ನರ ಸಾಲು ಈಗ ಅವನನ್ನು ನೋಡುತ್ತಿತ್ತು, ಸ್ವಲ್ಪ ಹೊತ್ತಿನ ಮುಂಚೆ ಹಾರ್ಬಿನ್ನನನ್ನು ನೋಡಿದ ಹಾಗೇ. ಇಷ್ಟು ಹೊತ್ತು ಅವನು ಎತ್ತಿ ಎತ್ತಿ ಎಸೆದ ನ್ಯಾಯದ ಮಾತೆಲ್ಲ ಬಾಯಲ್ಲಿ ಮಣ್ಣಾಯಿತು. ಈ ಮುದುಕಿ ತನ್ನ ತಮ್ಮನ ಹೆಣವನ್ನು ಗಾಡಿಗೆ ಹಾಕಿ ತಳ್ಳಿ, ಮನೆ ಕಳೆದುಕೊಂಡು, ಅಟ್ಟದ ಚಳಿಗೆ ಹೊರಟು ನಿಂತದ್ದು ಅವನ ಕುತ್ತಿಗೆ ಉಳಿಸಲು. ರಾತ್ರಿಯಿಡೀ ಅವನ ಮುಖದಲ್ಲಿ ಹುಡುಕಿದ್ದು ಇದನ್ನೇ.

"ಅಮ್ಮಾ, ನಾನಲ್ಲ."

"ಈಗ ಗೊತ್ತು. ಅದಕ್ಕೇ ಓಡಿ ಬಂದೆ." ಅವಳು ಮೇಜು ಹಿಡಿದು ಉಸಿರು ತೆಗೆದುಕೊಂಡಳು. "ಮೊನ್ನೆ ನಾನು ಆ ಸೀಸೆಲಿ ಉಳಿದಿದ್ದನ್ನ ಚೆಲ್ಲಿ, ತೊಳೆದು, ಖಾಲಿ ಸೀಸೆನ ಅದರ ಜಾಗದಲ್ಲೇ ಇಟ್ಟು ಬಂದಿದ್ದೆ. ಇವತ್ತು ಪ್ರಾರ್ಥನೆ ಮುಗಿದ ಮೇಲೆ ಯಾಕೋ ಮನಸ್ಸು ತಡೀಲಿಲ್ಲ, ಹೋಗಿ ನೋಡ್ದೆ. ಅದರಲ್ಲಿ ಮತ್ತೆ ಕಷಾಯ ಇದೆ. ನೀನು ನಿನ್ನೆಯಿಂದ ನನ್ನ ಕಣ್ಮುಂದಿಂದ ಕದಲಿಲ್ಲ. ಇವತ್ತು ಪ್ರಾರ್ಥನೆಗೂ ಬರಲಿಲ್ಲ. ಬೇರೆ ಯಾರೋ ತುಂಬಿಸಿದ್ದಾರೆ."

ಟಿಲಿಯರ್ಡ್ ಮೆಲ್ಲಗೆ ಡೀನರ ಕಡೆ ತಿರುಗಿದ. "ಸ್ವಾಮಿ, ಆ ಸೀಸೆ ತುಂಬಿಸೋದು ಯಾರು?"

"ಯಾರೂ ಇಲ್ಲ." ಡೀನ್ ಪಿಮ್ಮರ ಕೈ ತಾನಾಗಿ ಗಂಟಲಿಗೆ ಹೋಗಿತ್ತು. "ನಾನೇ. ಶನಿವಾರ ಶನಿವಾರ. ಬೇರೆ ಯಾರೂ ಮುಟ್ಟಲ್ಲ."

ಇವತ್ತು ಗುರುವಾರ.

ಮೇಜಿನ ಸುತ್ತ ಒಬ್ಬೊಬ್ಬರೂ ಪಕ್ಕದವನಿಂದ ಸ್ವಲ್ಪ ಸ್ವಲ್ಪ ಸರಿದು ಕೂತರು. ಪೀಠಸಾಲಿಗೆ ಹೋಗಿ ಬರಲು ಅವಕಾಶವಿದ್ದವರೆಲ್ಲ ಆ ಕೋಣೆಯಲ್ಲೇ ಇದ್ದರು.

"ಸ್ವಾಮಿ," ಅಂದಳು ಡಾರ್ಕಸ್. ಅವಳ ದನಿಯಲ್ಲಿ ಹಗೆ ಇರಲಿಲ್ಲ, ಅವಸರವಿತ್ತು. "ಬೆಳಿಗ್ಗೆ ಅದನ್ನ ಮುಟ್ಟಿದ್ರಾ?"

ಡೀನ್ ಕುರ್ಚಿಯ ತೋಳು ಹಿಡಿದು ಕೂತರು. ಕೆಂಪು ಮುಖ ಮೇಣದ ಬಣ್ಣಕ್ಕೆ ಇಳಿಯುತ್ತಿತ್ತು.

"ಅರ್ಧ ಸೀಸೆ ಕುಡಿದೆ," ಅಂದರು. "ಪ್ರವಚನ ಉದ್ದ ಇತ್ತು."